ನಡುಗೋಡೆಗೆ ಬಿಟ್ಟ ಗೂಡು

ಅಕ್ಟೋಬರ್ 16, ಗುರುವಾರ

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಕೊಟ್ಟವಳು ಆ ನರ್ಸ್ ಕಾವ್ಯ. ಅವಳಿಗೆ ಬುದ್ಧಿ ಇದೆಯೋ ಇಲ್ಲವೋ ಗೊತ್ತಿಲ್ಲ, ಹಟ ಮಾತ್ರ ನನ್ನಷ್ಟೇ ಇದೆ. ಬೆಳಿಗ್ಗೆ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದಳು, ಮುಖ ಹುಳ್ಳಗೆ ಮಾಡಿದಳು. "ಏಕನಾಥಮ್ಮಜ್ಜಿ, ಬಾಯಲ್ಲಿ ಬಯ್ಯೋದನ್ನ ಇನ್ಮೇಲೆ ಕೈಯಲ್ಲಿ ಬರೀರಿ. ಇಲ್ಲಾಂದ್ರೆ ಒಂದಿನ ಯಾರಿಗೋ ಬೈತಾ ಬೈತಾ ನಡುಬೀದೀಲಿ ಬಿದ್ದೋಗ್ತೀರ" ಎಂದು ಈ ಪುಸ್ತಕ ಕೊಟ್ಟು ಹೋದಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಕುರಿ ಹಿಂದೆ ಹೋಗಲು ಆಳಿಲ್ಲ ಎಂದು ಅಪ್ಪ ಬಿಡಿಸಿದ. ಅಕ್ಷರ ಮರೆತಿಲ್ಲ. ಆದರೆ ಬಯ್ಯುವುದು ಎಷ್ಟು ಸಲೀಸು, ಬಾಯಿ ತೆರೆದರೆ ಮುಗಿಯಿತು. ಬರೆಯಲು ಕೂತರೆ ಸಿಟ್ಟು ಅರ್ಧ ದಾರಿಯಲ್ಲೇ ದಣಿದು ಕುಂತುಬಿಡುತ್ತದೆ. ಅವಳಿಗೆ ಅದೇ ಬೇಕಂತೆ.

ಸರಿ, ಬರೆಯುತ್ತೇನೆ. ಹೋದ ಶುಕ್ರವಾರ ಬೆಳಿಗ್ಗೆ ಮನೆ ಬಿತ್ತು. ರಾಮಗಿರಿ ಗುಡ್ಡದ ಕಡೆಯಿಂದ ಬಂದ ಮಳೆ ಆ ವಾರವೆಲ್ಲ ಬಿಟ್ಟಿರಲಿಲ್ಲ. ಮೊದಲು ಹೋದದ್ದು ನಮಗೂ ಹುಸೇನ್ ಬೀಗೂ ಮಧ್ಯೆ ಇದ್ದ ನಡುಗೋಡೆ. ಎರಡು ಮನೆಯ ತೊಲೆಗಳೂ ಅದೊಂದೇ ಗೋಡೆಯ ಮೇಲೆ ಕೂತಿದ್ದವು. ಅದು ಅವಳ ಕಡೆಗೆ ವಾಲಿ ಬಿದ್ದಾಗ ಎರಡು ಮಾಳಿಗೆಗಳೂ ಮಣ್ಣಿನ ಸಮೇತ ಕುಸಿದವು. ಎದುರು ಸಾಲಿನ ರಂಗಪ್ಪನ ಮನೆಯೂ ಅವತ್ತೇ ಹೋಯಿತು. ನಾನೂ ಮಗ ಪರಮೇಶನೂ ಕುರಿ ಬಿಡಲು ಹೊರಗೆ ಬಂದಿದ್ದರಿಂದ ಉಳಿದೆವು. ಪರಮೇಶ ಕಂಬಳಿ ನೇಯುವ ಮಗ್ಗ ಒಳಗಿತ್ತು. ಅದರ ಗುಂಡಿಯಲ್ಲಿ ಈಗ ಕೆಸರು. ಗುಂಡಿ ಮಗ್ಗವನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಇನ್ನೊಬ್ಬರ ಪಡಸಾಲೆಯಲ್ಲಿ ಹೂಡಲು ಬರುವುದಿಲ್ಲ. ಸೂರು ಇದ್ದರೆ ನಮಗೆ ಕಸುಬು, ಇಲ್ಲದಿದ್ದರೆ ಇಲ್ಲ.

ನಮ್ಮ ಹಟ್ಟಿಯಲ್ಲಿ ಬಿದ್ದ ಮನೆಯನ್ನು ಬಿದ್ದ ಹಾಗೆಯೇ ಬಿಟ್ಟು ದೀಪ ಹಚ್ಚುವುದಿಲ್ಲ. ಕೇರಿಯೆಲ್ಲ ಸೇರಿ ಅವತ್ತೇ ಕಲ್ಲು ಒಂದು ಕಡೆ ಪೇರಿಸಬೇಕು, ಮರಮುಟ್ಟು ಒಂದು ಕಡೆ, ಮಣ್ಣು ಹರಡಿ ಮಟ್ಟ ಮಾಡಿ ಸಗಣಿ ನೀರು ಹಾಕಿ ಸಾರಿಸಬೇಕು. ಅರ್ಧ ನಿಂತ ಗೋಡೆಯಿದ್ದರೆ ಅದನ್ನೂ ಕೆಡವಬೇಕು. ಒಲೆಯಿದ್ದ ಜಾಗದಲ್ಲಿ ದೀಪ ಇಟ್ಟ ಮೇಲೆಯೇ ಉಳಿದ ಮಾತು. ನಾನೇ ನಿಂತು ನಮ್ಮ ಮನೆಯನ್ನೂ ರಂಗಪ್ಪನ ಮನೆಯನ್ನೂ ಮಾಡಿಸಿದೆ. ಸಂಜೆ ಹೊತ್ತಿಗೆ ಎರಡೂ ಗುಡಿಯ ಅಂಗಳದ ಹಾಗೆ ಆಗಿದ್ದವು.

ಹುಸೇನ್ ಬೀ ಮನೆ ಮಾತ್ರ ಮಣ್ಣಿನ ಗುಪ್ಪೆಯಾಗಿ ಬಿದ್ದೇ ಇದೆ. ಅವಳು ಮಗಳ ಬಾಣಂತನಕ್ಕೆಂದು ಚಿತ್ರದುರ್ಗದಲ್ಲಿದ್ದಾಳೆ. ಹಾಸಿಗೆ ಹೊಲಿಯುವ ಅವಳ ಮಗ ಕಲಂದರ್, "ಅಮ್ಮ ಬರ್ಲಿ ತಡ್ರಿ, ಸಾಮಾನು ಎಲ್ಲೆಲ್ಲಿ ಅವೆ ಅಂತ ಅವ್ಳಿಗೇ ಗೊತ್ತು" ಎಂದ. ಅವಳ ಅತ್ತೆ ಇದ್ದಿದ್ದರೆ ಬಿಡುತ್ತಿರಲಿಲ್ಲ. ಇವಳು ಮೊದಲಿನಿಂದಲೂ ಸೋಮಾರಿ. ಮಾಳಿಗೆ ನೀರು ನಡುಗೋಡೆಗೆ ಇಳಿಯುತ್ತದೆ, ನೀರು ಹೊರಗೆ ಬೀಳುವ ದೋಣಿ ಸರಿಮಾಡಿಸು ಎಂದು ಎಷ್ಟು ವರ್ಷದಿಂದ ಬಾಯಿ ಬಡಿದುಕೊಂಡೆ. ನೀರು ನಿನ್ನ ಕಡೆಯದು ಎಂದು ಅವಳು ನನಗೇ ಹೇಳುತ್ತಿದ್ದಳು. ಈಗ ಗೋಡೆಯೇ ಇಲ್ಲ, ಜಗಳಕ್ಕೆ ಜಾಗವೂ ಇಲ್ಲ.

ನಾಳೆ ಇಂಜಿನಿಯರ್ ಬರುತ್ತಾರಂತೆ. ಮನೆ ಬಿದ್ದವರಿಗೆ ಸರ್ಕಾರದ ಡಿಪೋದಿಂದ ಸಿಮೆಂಟು, ಇಟ್ಟಿಗೆ, ಕಬ್ಬಿಣ, ತಗಡು ಎಲ್ಲ ಅರ್ಧ ಬೆಲೆಗೆ. ಪರಮೇಶ ಆಗಲೇ ಗೋಡೆಗೆ ದಾರ ಹಿಡಿಯುವ ಮಾತಾಡುತ್ತಿದ್ದಾನೆ.

ಅಕ್ಟೋಬರ್ 17, ಶುಕ್ರವಾರ

ಬಂದವಳು ದೇವಿಕಾ ಅಂತ, ಎಳೆ ಹುಡುಗಿ. ತಲೆಗೆ ಟೋಪಿ, ಕೈಯಲ್ಲಿ ಫೋನು. ನಮ್ಮ ಜಾಗದಲ್ಲಿ ನಿಂತು ಸುತ್ತ ನೋಡಿ ಕೇಳಿದಳು, "ಮನೆ ಎಲ್ಲಿ ಅಜ್ಜಿ?"

"ನೀನು ನಿಂತಿರೋದೇ ಅಡಿಗೆಮನೇಲಿ."

"ಅಲ್ಲ, ಬಿದ್ದಿರೋ ಮನೆ."

"ಬಿದ್ದಿದ್ದು ಇದೇ ಕಣವ್ವ. ಗುಡಿಸಿದೀವಿ."

ಅವಳು ನನ್ನನ್ನು ನೋಡಿದಳು, ನೆಲ ನೋಡಿದಳು, ಫೋನು ನೋಡಿದಳು. "ಗುಡಿಸಿದ್ರಾ? ಯಾಕೆ ಗುಡಿಸಿದ್ರಿ?"

ಇದೆಂಥ ಪ್ರಶ್ನೆ! ಮುಖ ಯಾಕೆ ತೊಳೆದಿರಿ ಎಂದು ಯಾರಾದರೂ ಕೇಳುತ್ತಾರೆಯೇ? ಪೇರಿಸಿದ ಕಲ್ಲು ತೋರಿಸಿದೆ, ತೊಲೆ ತೋರಿಸಿದೆ, ಮಗ್ಗದ ಗುಂಡಿ ತೋರಿಸಿದೆ. ಬಯಲಲ್ಲಿ ಯಾವನು ಮಗ್ಗ ಹೂಡುತ್ತಾನೆ ಎಂದೆ. ಅವಳು ಫೋಟೋ ತೆಗೆದಳು. ಫೋನು ಬೇಡವೆಂದಿತು. ಕುಸಿದ ಗೋಡೆ ಕಾಣದಿದ್ದರೆ ಅದು ಮುಂದಕ್ಕೆ ಹೋಗುವುದೇ ಇಲ್ಲವಂತೆ. 'ಸ್ಥಳದಲ್ಲಿ ಮನೆ ಕಂಡುಬಂದಿಲ್ಲ' ಎಂದು ಒತ್ತಿದರೆ ಮಾತ್ರ ಒಪ್ಪುತ್ತದಂತೆ. ಒತ್ತಿದಳು. ರಂಗಪ್ಪನದಕ್ಕೂ ಅದನ್ನೇ ಒತ್ತಿದಳು.

ಆಮೇಲೆ ಹುಸೇನ್ ಬೀಯ ಗುಪ್ಪೆಯ ಮುಂದೆ ಹೋಗಿ ನಿಂತಳು. ಮಣ್ಣು, ಮುರಿದ ಜಂತೆ, ಹಾಸಿಗೆಯ ಹತ್ತಿ, ಎಲ್ಲದರ ಮೇಲೆ ಒಂದು ಕೋಳಿ. ಫೋಟೋ ಒಂದೇ ಸಲಕ್ಕೆ ಹೋಯಿತು. ಪಾಸು!

ನಡುಗೋಡೆ ನನ್ನದೂ ಹೌದಲ್ಲ ಎಂದೆ. "ಮಣ್ಣು ಅವ್ರ ಜಾಗದಲ್ಲಿ ಬಿದ್ದೈತಲ್ಲ ಅಜ್ಜಿ, ಗೋಡೆ ಅವ್ರದ್ದೇ ಅಂತ ತೋರಿಸ್ತೈತೆ" ಎಂದಳು.

ನಾನು ಅವಳಿಗೆ ಏನೇನು ಅಂದೆ ಎಂದು ಇಲ್ಲಿ ಬರೆಯುವುದಿಲ್ಲ. ಕಾವ್ಯ ಓದಿಬಿಟ್ಟಾಳು.

ಅಕ್ಟೋಬರ್ 18, ಶನಿವಾರ

ಇವತ್ತು ಬರೆಯುವುದಿಲ್ಲ.

ಗುಡಿಸಿದವರಿಗೆ ಇಲ್ಲ, ಗುಡಿಸದವಳಿಗೆ ಇದೆ. ಇಷ್ಟೇ.

ಅಕ್ಟೋಬರ್ 23, ಗುರುವಾರ

ಮನೆ ಬಿದ್ದಾಗಿನಿಂದ ಇರುವ ಸಮುದಾಯ ಭವನದಲ್ಲೇ ದೀಪಾವಳಿ ಹಬ್ಬ ಆಯಿತು. ನಾವು ಮತ್ತು ರಂಗಪ್ಪನ ಮನೆಯವರು, ನಡುವೆ ಒಂದು ಸೀರೆ ಪರದೆ. ಹೋಳಿಗೆ ಯಾರು ಮಾಡಿದರು, ಯಾರು ತಿಂದರು ಎಂದು ಕೇಳುವ ಮನಸ್ಸೂ ಇರಲಿಲ್ಲ.

ಇವತ್ತು ಪಂಚಾಯ್ತಿ ಮೆಂಬರು ತಿಮ್ಮೇಶ ಬಂದ. ಅವನು ನಕ್ಕರೆ ಏನೋ ಇದೆ ಎಂದೇ ಲೆಕ್ಕ. "ಅಜ್ಜಿ, ತಲೆ ಕೆಡಿಸ್ಕಬ್ಯಾಡ್ರಿ. ಕಲ್ಲು ನಿಮ್ಹತ್ರನೇ ಅವೆ, ಮಣ್ಣು ನಿಮ್ಹತ್ರನೇ ಐತೆ. ಎದೆ ಮಟ್ಟ ಒಂದು ಗೋಡೆ ಎಬ್ಬಿಸ್ರಿ. ಒಂದ್ ಕೊಡ ನೀರು ಹುಯ್ದು ನೂಕ್ರಿ. ಬಿದ್ದ ಕೂಡ್ಲೇ ಮೇಡಮ್ಮನ್ನ ಕರ್ಕಂಡ್ ಬರ್ತೀನಿ, ಫೋಟೋ ಹೊಡೀತಾರೆ, ಮುಗೀತು."

"ಅಂದ್ರೆ ಬಿದ್ದ ಮನೇನ ಕಟ್ಟಿ ಬೀಳಿಸ್ಬೇಕು?"

"ಹೂಂ."

"ಯಾಕಪ್ಪ, ಮೊದ್ಲನೇ ಸಲ ಬಿದ್ದಿದ್ದು ನಿಂಗೆ ಚೆಂದ ಕಾಣ್ಲಿಲ್ವಾ?"

ಕೇಳುತ್ತಿದ್ದವರೆಲ್ಲ ನಕ್ಕರು, ರಂಗಪ್ಪ ಮಾತ್ರ ನಗಲಿಲ್ಲ. "ಯಕ್ಕ, ನೀನು ಹಿಂಗೆ ಹಾಸ್ಯ ಮಾಡ್ತಾ ಕುಂತ್ರೆ ನನ್ ಹೆಂಡ್ರು ಮಕ್ಳು ಮುಂದಿನ ಮಳೆಗೂ ಈ ಪರದೆ ಹಿಂದೇನೇ. ಒಂದ್ ಗೋಡೆ ತಾನೆ? ಹೋಗಾಣ, ಎಬ್ಬಿಸಾಣ" ಎಂದ. ಪರಮೇಶನೂ ಎದ್ದ. ನನ್ನ ಮಗ, ನನಗೆ ಎದುರು ಮಾತಾಡದವನು, ಹಾರೆ ಎತ್ತಿಕೊಂಡ. "ಅವ್ವಾ, ಸುಳ್ಳೇನೈತೆ ಇದ್ರಲ್ಲಿ? ಮನೆ ಬಿದ್ದಿದ್ದಂತೂ ಖರೇನೇ ಅಲ್ವಾ?"

ನಾನು ಅವರಿಗಿಂತ ಮೊದಲು ಓಡಿ ಕಲ್ಲಿನ ರಾಶಿಯ ಮೇಲೆ ಕೂತೆ. ಈ ಮೊಣಕಾಲಿನಲ್ಲಿ ಹೇಗೆ ಓಡಿದೆನೋ. ಎಬ್ಬಿಸಿ ನೋಡ್ರೋ ಎಂದೆ. ಖರೇನೇ ಬಿದ್ದದ್ದಕ್ಕೆ ಸುಳ್ಳು ಗೋಡೆ ಯಾಕೆ ಬೀಳಿಸಬೇಕು? ಬೀಳಿಸಿದರೆ ಗುಡಿಸಿದ್ದು ತಪ್ಪು ಎಂದು ನಾವೇ ಒಪ್ಪಿದ ಹಾಗೆ. ಮುಂದೆ ಯಾರ ಮನೆ ಬಿದ್ದರೂ ಅವರು ಗುಡಿಸುವುದಿಲ್ಲ, ಗುಪ್ಪೆಯ ಪಕ್ಕದಲ್ಲೇ ಹಾಸಿಕೊಂಡು ಫೋಟೋದವರನ್ನು ಕಾಯುತ್ತಾರೆ. ಮಕ್ಕಳು ಆ ಗೋಡೆ ಕೆಳಗೆ ಆಡುತ್ತಿರುತ್ತಾರೆ. ಅದಕ್ಕೇ ಅಲ್ಲವೇ ಹಿರಿಯರು ಅವತ್ತೇ ಕೆಡವಿ ಎಂದದ್ದು?

ತಿಮ್ಮೇಶ ಹೋದ. ರಂಗಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬಿಡಲಿ. ಪರಮೇಶ ಊಟ ಬಿಟ್ಟಿದ್ದಾನೆ. ಅದೂ ಎಷ್ಟು ಹೊತ್ತು, ನೋಡುತ್ತೇನೆ.

ಅಕ್ಟೋಬರ್ 24, ಶುಕ್ರವಾರ

ಉಂಡ.

ನವೆಂಬರ್ 3, ಸೋಮವಾರ

ಹುಸೇನ್ ಬೀ ಬಂದಳು. ಅವಳ ಹಿಂದೆಯೇ ಟ್ರ್ಯಾಕ್ಟರು, ಅದರ ತುಂಬ ಇಟ್ಟಿಗೆ, ಸಿಮೆಂಟು. ನಾನು ನೋಡಬಾರದು ಎಂದು ನಮ್ಮ ಜಾಗದಲ್ಲಿ ಬೆನ್ನು ಮಾಡಿ ಕೂತು ಉಣ್ಣೆ ಬಿಡಿಸುತ್ತಿದ್ದೆ. ಅವಳು ಬಂದು ನನ್ನ ಮುಂದೆಯೇ ನಿಂತಳು. ದಪ್ಪಗಾಗಿದ್ದಾಳೆ. ಬಾಣಂತಿಗೆ ಮಾಡಿದ್ದನ್ನು ಇವಳೇ ತಿಂದಿರಬೇಕು.

"ಏನೇ ಏಕನಾಥಿ, ಮನೇನೆಲ್ಲ ಗುಡಿಸ್ಕಂಡು ಕುಂತಿದೀಯಂತೆ?"

"ನಿನ್ ಹಂಗೆ ಕೋಳಿ ಕೂರಿಸ್ಕಂಡಿಲ್ಲ."

"ಆ ಕೋಳಿನೇ ನಂಗೆ ಪಾಸ್ ಮಾಡಿಸಿದ್ದು, ಗೊತ್ತಾ?" ಎಂದು ನಕ್ಕಳು. ಆಮೇಲೆ ಮೇಸ್ತ್ರಿಯನ್ನು ಕರೆದು ನನ್ನ ಎದುರಿಗೇ ಹೇಳಿದಳು, "ನಡುಗೋಡೆನ ಮೊದ್ಲು ಎಬ್ಬಿಸಪ್ಪ. ಈ ಕಡೆ ಇವ್ಳ ತೊಲೆ ಕೂರೋಕೆ ಗೂಡು ಬಿಡು. ಮೊದ್ಲು ಎಲ್ಲೆಲ್ಲಿ ಇದ್ವೋ ಅಲ್ಲೇ."

ನಿನ್ನ ದಾನ ಬೇಡ ಎಂದೆ.

"ದಾನ ಯಾರ್ ಕೊಟ್ರು? ಆ ಗೋಡೆಗೆ ನಮ್ಮತ್ತೆ ಮಣ್ಣು ತುಳಿದ್ಲು, ನಿಮ್ಮತ್ತೆ ನೀರು ಹೊತ್ಲು. ನಾನು ಒಬ್ಳೇ ಕಟ್ಕಂಡ್ರೆ ಇಬ್ರೂ ಗೋರೀಲೇ ಎದ್ದು ಕುಂತ್ಕಂತಾರೆ."

"ನಮ್ಮತ್ತೇನ ಯಾಕೆ ಎಬ್ಬಿಸ್ತೀಯ? ಮಲಗಿದ್ದಾಗ್ಲೇ ಸುಖ."

ಅವಳು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕಳು. ನಾನು ನಗಲಿಲ್ಲ. ಹೊಸ ಗೋಡೆಗೆ ಬೆಳಿಗ್ಗೆ ಸಂಜೆ ನೀರು ಹಾಕುವವಳು ನಾನೇ, ಅದಕ್ಕೆ ಒಪ್ಪಿದರೆ ಗೂಡು ಬಿಡು ಎಂದೆ. "ಹಾಕಮ್ಮ, ನಿಂಗೆ ಅದೊಂದ್ ಹುಚ್ಚು, ಸಾರಿಸೋದು ತೊಳೆಯೋದು" ಎಂದಳು.

ನವೆಂಬರ್ 12, ಬುಧವಾರ

ಗೋಡೆ ತೊಲೆ ಮಟ್ಟಕ್ಕೆ ಬಂತು. ನನ್ನ ಕಡೆ ಗೂಡುಗಳು ಸಾಲಾಗಿ ಕಾಣುತ್ತವೆ. ನೀರು ಹಾಕುವಾಗ ಒಳಗೆ ಗುಬ್ಬಿ ಕೂತಿರುತ್ತದೆ, ಓಡಿಸುತ್ತೇನೆ. ಪರಮೇಶ ಮಗ್ಗದ ಗುಂಡಿಯ ಕೆಸರು ತೆಗೆದಿದ್ದಾನೆ. ರಂಗಪ್ಪನ ಹೆಂಡತಿಗೆ ಜ್ವರ, ಭವನದ ನೆಲ ತಣ್ಣಗೆ ಎಂದು ಹುಸೇನ್ ಬೀ ಒಂದು ಹಾಸಿಗೆ ಕಳಿಸಿದಳು. ನಾನು ಹೊತ್ತುಕೊಂಡು ಹೋಗಿ ಕೊಟ್ಟೆ. ರಂಗಪ್ಪ ನನ್ನ ಮುಖ ನೋಡದೆಯೇ ತೆಗೆದುಕೊಂಡ.

ಮಧ್ಯಾಹ್ನ ದೇವಿಕಾ ಬಂದಳು. ತಗಡು ಮತ್ತು ಉಳಿದ ಸಿಮೆಂಟು ಬರುವ ಮೊದಲು ಗೋಡೆ ನೋಡಬೇಕಂತೆ. ನೋಡಿದಳು. ಗೂಡಿನೊಳಗೆ ಕೈ ಹಾಕಿದಳು.

"ಇವು ಯಾತಕ್ಕೆ ಅಜ್ಜಿ?"

"ನಮ್ ತೊಲೆಗೆ."

ಅವಳು ಗೂಡಿನಿಂದ ಕೈ ತೆಗೆದಳು. "ಹಂಗೆ ಮಾಡಂಗಿಲ್ರಿ. ಒಬ್ರಿಗೆ ಕೊಟ್ಟ ಸಾಮಾನಿನ ಮೇಲೆ ಇನ್ನೊಬ್ರ ಮಾಳಿಗೆ ಕೂತ್ರೆ ಅದು ದುರ್ಬಳಕೆ ಅಂತ ಆಗ್ತೈತೆ. ಗೂಡು ಮುಚ್ಚಿ ಫೋಟೋ ಕಳಿಸ್ರಿ. ಅಲ್ಲೀವರ್ಗೂ ತಗಡು ಬರಲ್ಲ."

ನಾನು ಮಾತಾಡಿದೆ. ನೀನು ಯಾವ ಮನೆಯಲ್ಲಿ ಹುಟ್ಟಿದೆ, ಅಲ್ಲಿ ಪಕ್ಕದ ಮನೆಯವರು ಎಲ್ಲಿಗೆ ತೊಲೆ ಇಟ್ಟಿದ್ದರು ಎಂದು ಕೇಳಿದೆ. "ನಮ್ದು ಹೊಸದುರ್ಗದ ಹತ್ರ ಒಂದ್ ಹಳ್ಳಿ ಅಜ್ಜಿ. ನಮ್ಮನೇದೂ ನಡುಗೋಡೇನೇ" ಎಂದು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು. "ಆದ್ರೆ ನಾನು ಒತ್ತೋಕೆ ಅದ್ರಲ್ಲಿ ಬೇರೆ ಗುಂಡಿನೇ ಇಲ್ಲ."

ಅವಳನ್ನು ಇನ್ನೂ ಬಯ್ಯಬೇಕೆಂದಿದ್ದೆ. ಯಾಕೋ ಬಾಯಿ ಬರಲಿಲ್ಲ. ಬಿಸಿಲಿಗಿರಬೇಕು.

ನವೆಂಬರ್ 13, ಗುರುವಾರ

ಬೆಳಿಗ್ಗೆ ಬೇಗ ಎದ್ದು ಮಣ್ಣು ಕಲೆಸಿಕೊಂಡು ಹೋದೆ. ಗೂಡು ಮುಚ್ಚಿಬಿಡೋಣ ಎಂದು. ಹುಸೇನ್ ಬೀಯ ಮಗಳು ಕೂಸು ಎತ್ತಿಕೊಂಡು ಬರುವವಳಿದ್ದಾಳೆ, ಸೂರಿಲ್ಲದೆ ಎಲ್ಲಿ ಇಳಿಯುತ್ತಾಳೆ? ನನ್ನ ತೊಲೆಯ ಕಥೆ ಆಮೇಲೆ ನೋಡಿದರಾಯಿತು. ಕಲ್ಲಿನ ರಾಶಿ ಹತ್ತಿ ಒಂದು ಗೂಡು ಮುಚ್ಚಿ ಇನ್ನೊಂದಕ್ಕೆ ಕೈ ಹಾಕಿದ್ದೆ.

"ಲೇ, ಯಾರದು ನನ್ ಗೋಡೆ ಮುಟ್ತಿರೋದು?"

ಹುಸೇನ್ ಬೀ. ಕೈಯಲ್ಲಿ ಹಲ್ಲುಜ್ಜುವ ಕಡ್ಡಿ, ಕಣ್ಣು ಕೆಂಪಗೆ.

"ಮುಚ್ತಾ ಇದೀನಿ. ನಿನ್ ತಗಡು ಬರ್ಲಿ."

"ಇಳಿ ಕೆಳಗೆ. ಗೋಡೆ ಯಾರ್ದು ಅಂತ ಸರ್ಕಾರನೇ ಹೇಳೈತೆ. ನಂದು! ನನ್ ಗೋಡೆಗೆ ತೂತು ಇರ್ಬೇಕೋ ಬ್ಯಾಡ್ವೋ ಅಂತ ನಾನ್ ಹೇಳ್ತೀನಿ. ನೀನ್ಯಾವಳೇ ಮುಚ್ಚಾಕೆ?"

"ಬುದ್ಧಿ ಐತಾ ನಿಂಗೆ? ಆ ಕೂಸು..."

"ಕೂಸಿಗೆ ಅದ್ರಪ್ಪನ ಮನೆ ಐತೆ. ಇಲ್ಲಿಗೆ ಬಂದಾಗ ಅಜ್ಜಿ ಮನೆ ನೋಡ್ಬೇಕು, ಪಕ್ಕದಲ್ಲಿ ಬಯಲು ನೋಡ್ಬಾರ್ದು." ಕಡ್ಡಿ ಬಿಸಾಕಿ ತಾನೇ ಹತ್ತಿ ನಾನು ಮುಚ್ಚಿದ ಮಣ್ಣನ್ನು ಬೆರಳಲ್ಲಿ ಕೆದರಿ ಕೆದರಿ ತೆಗೆದಳು. ಹಸಿ ಮಣ್ಣು ನನ್ನ ಮೇಲೆಯೇ ಬಿತ್ತು.

ಕೇರಿಯೆಲ್ಲ ನೋಡುವ ಹಾಗೆ ಜಗಳ ಮಾಡಿದೆವು. ರಂಗಪ್ಪನೂ ಬಂದು ನಿಂತ. ಕೊನೆಗೆ ಅವನೇ ನನ್ನ ಕೈಯಿಂದ ಮಣ್ಣಿನ ಬಾಂಡಲಿ ಕಿತ್ತುಕೊಂಡು, "ಸಾಕು ಬಿಡ್ರಿ ಯಕ್ಕ, ಇಬ್ರೂ ಬಿ.ಪಿ. ಗಿರಾಕಿಗ್ಳೇ. ಡಿಪೋಗೇ ಹೋಗಾಣ ನಡೀರಿ" ಎಂದ. ಎಷ್ಟೋ ದಿನದ ಮೇಲೆ ಮಾತಾಡಿಸಿದ.

ಗೂಡು ತೆರೆದೇ ಇದೆ.

ನವೆಂಬರ್ 20, ಗುರುವಾರ

ನಾನು, ಪರಮೇಶ, ರಂಗಪ್ಪ, ಹುಸೇನ್ ಬೀ ಡಿಪೋಗೆ ಹೋಗಿ ಬಂದೆವು. ಬಸ್ಸಿನಲ್ಲಿ ಹುಸೇನ್ ಬೀಗೆ ಕಿಟಕಿ ಬೇಕು, ನನಗೂ ಕಿಟಕಿ ಬೇಕು. ಹೋಗುವಾಗ ಅವಳು ಕೂತಳು, ಬರುವಾಗ ನಾನು.

ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ಜನ. ಹಿರಿಯೂರಿನ ಕಡೆಯ ಹಟ್ಟಿಯೊಂದರಿಂದ ದೊಡ್ಡತಿಮ್ಮಪ್ಪ ಎಂಬ ಮುದುಕ, ದೊಡ್ಡ ರುಮಾಲಿನವನು, ಬೀಡಿ ಸೇದುತ್ತ ಕೂತಿದ್ದ. ನಿಮ್ಮದೇನು ಎಂದೆ.

"ನಮ್ದೂ ಗುಡಿಸಿದ್ದೇ ಕಣವ್ವ. ನಮ್ ಸೊಸೆ ಸಾರಿಸಿ ರಂಗೋಲಿ ಬೇರೆ ಬಿಟ್ಟಿದ್ಲು. ಇಂಜಿನಿಯರಪ್ಪ ಬಂದು 'ಹೊಸ ಸೈಟಾ ಯಜಮಾನ್ರೇ, ಚೆನ್ನಾಗೈತೆ' ಅಂತ ಹೇಳಿ ಹೋದ."

ಎಲ್ಲರೂ ನಕ್ಕೆವು. ನನಗೂ ನಗು ಬಂತು. ಆಮೇಲೆ ಸುತ್ತ ನೋಡಿದರೆ ಕೂತವರಲ್ಲಿ ಬಹಳ ಜನ ಅಂಥವರೇ. ಅವರವರ ಹಟ್ಟಿಯಲ್ಲಿ ಅವತ್ತೇ ಕೆಡವಿ, ಗುಡಿಸಿ, ದೀಪ ಇಟ್ಟವರು. ಎಲ್ಲರಿಗೂ ಒಂದೇ ಉತ್ತರ, ಮನೆ ಕಂಡುಬಂದಿಲ್ಲ. ನಾನೊಬ್ಬಳೇ ಎಂದು ಇಷ್ಟು ದಿನ ಕುದ್ದಿದ್ದೆ.

ಒಳಗೆ ಸಾಹೇಬರು. ಒಳ್ಳೆಯ ಮಾತಿನವರು, ಕುಂತ್ಕಳ್ರಿ ಎಂದರು, ಚಹಾ ತರಿಸಿದರು. ನಾನು ಚಹಾ ಮುಟ್ಟದೆ ಎಲ್ಲ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆನಂತೆ, ಹೊರಗಿನವರಿಗೂ ಕೇಳಿಸಿತಂತೆ. ಸಾಹೇಬರು ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ಅಮ್ಮಾರೇ, ನಿಮ್ದೊಂದು ವಿಶೇಷ ಪ್ರಕರಣ ಅಂತ ಬರೀತೀನಿ. ನಿಮ್ ಕಲ್ಲು, ತೊಲೆ, ಮಗ್ಗದ ಗುಂಡಿ, ಎಲ್ಲ ಪುರಾವೆ ಅಂತ ತಗಳ್ತೀನಿ. ಮುಂದಿನ ವಾರ ಸಾಮಾನು ಬರ್ತೈತೆ. ಆದ್ರೆ ಹೊರಗೆ ಹೇಳ್ಬೇಡ್ರಿ, ಎಲ್ರೂ ಬರ್ತಾರೆ."

ಪರಮೇಶ ನನ್ನ ಕೈ ಹಿಡಿದ. ಮುಂದಿನ ವಾರ. ಮಗ್ಗ.

"ನನ್ ಗುಂಡಿ ಪುರಾವೆ ಆದ್ರೆ ಆ ಮುದುಕನ ರಂಗೋಲಿ ಯಾಕೆ ಆಗಲ್ಲ?" ಎಂದೆ. "ರಂಗಪ್ಪನ ಕಲ್ಲು ಯಾಕೆ ಆಗಲ್ಲ? ಇವ್ಳ ತಗಡು ಯಾಕೆ ನಿಲ್ಸಿದೀರಿ?"

"ನಿಮ್ ಕೆಲಸ ಆಗ್ತೈತಲ್ಲಮ್ಮ, ಬೇರೆಯವ್ರದ್ದು ನಿಮ್ಗ್ಯಾಕೆ?"

ನಾನು ಎದ್ದು ಬಾಗಿಲು ಪೂರ್ತಿ ತೆರೆದೆ. "ದೊಡ್ಡತಿಮ್ಮಪ್ಪ, ಬಾರಪ್ಪ ಒಳಗೆ. ಸಾಹೇಬ್ರು ಗುಂಡಿ ಪುರಾವೆ ಅಂತಾರೆ. ಕಲ್ಲು ಪುರಾವೆ ಅಂತಾರೆ. ಎಲ್ರೂ ಬರ್ರಿ" ಎಂದು ಕೂಗಿದೆ. ಬಂದರು. ಕುರ್ಚಿ ಸಾಲಲಿಲ್ಲ.

ಸಾಹೇಬರು ನನ್ನ ಕಡೆ ನೋಡಲೇ ಇಲ್ಲ. ಬರೆದು ಕೊಡಿ, ಮೇಲಕ್ಕೆ ಕಳಿಸುತ್ತೇವೆ ಎಂದು ಎದ್ದು ಹೋದರು. ವಿಶೇಷ ಪ್ರಕರಣ ಅಲ್ಲಿಗೇ ಮುಗಿಯಿತು ಎಂದು ಅವರ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ಹೊರಗೆ ಬರುವಾಗ ಡಿಪೋದಲ್ಲೇ ಇದ್ದ ಆ ಹುಡುಗಿ ದೇವಿಕಾ ಪಕ್ಕದಲ್ಲಿ ನಡೆಯುತ್ತ ಮೆಲ್ಲಗೆ ಹೇಳಿದಳು, "ಬರೀರಿ ಅಜ್ಜಿ. ಎಷ್ಟನೇ ತಾರೀಕಿನೊಳಗೆ ಉತ್ತರ ಬೇಕು ಅಂತ ಹಾಕಿ ಬರೀರಿ. ತಾರೀಕು ಇಲ್ದಿದ್ರೆ ಅದು ಮೇಜಿನ ಮೇಲೇನೇ ಮಲಗ್ತೈತೆ."

ಬಸ್ಸು ಊರ ಹತ್ತಿರ ಬಂದಾಗ ಪರಮೇಶ, "ಅವ್ವಾ, ಮುಂದಿನ ವಾರ ಬರ್ತಿತ್ತಲ್ಲ" ಎಂದ. ಅಷ್ಟೇ. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 24, ಸೋಮವಾರ

ಬರೆದೆ. ಯಾರಿಗೂ ಬರೆಯಲು ಬಿಡಲಿಲ್ಲ, ನನ್ನ ಅಕ್ಷರವೇ ಇರಲಿ ಎಂದು. ಓದಿ ಹೇಳಿದಾಗ ರಂಗಪ್ಪ, ಹುಸೇನ್ ಬೀ, ಕಲಂದರ್, ಎಲ್ಲರೂ ತಲೆಯಾಡಿಸಿದರು. ಪರಮೇಶ ಕೈಗೆ ತೆಗೆದುಕೊಂಡು ಎರಡು ಸಲ ಓದಿದ.

"ಅವ್ವಾ, ಎಲ್ರದ್ದೂ ಐತೆ. ನಮ್ದೇ ಬರೆದಿಲ್ವಲ್ಲ?"

ನೋಡಿದರೆ ಹೌದು. ವಯಸ್ಸಾಯಿತು, ಮರೆವು. ಕೊನೆಯಲ್ಲಿ ಜಾಗ ಇತ್ತು, ಸೇರಿಸಿದೆ. ನಾಳೆ ಕೊಡುವ ಕಾಗದದಲ್ಲಿರುವುದನ್ನು ಇಲ್ಲಿಯೂ ಇಳಿಸುತ್ತಿದ್ದೇನೆ, ಕಳೆದುಹೋಯಿತು ಎಂದು ಯಾರೂ ಹೇಳಬಾರದು.

ಡಿಪೋ ಸಾಹೇಬರಿಗೆ.

ನಮ್ಮ ಮನೆಗಳು ಮಳೆಗೆ ಬಿದ್ದವು. ಮಕ್ಕಳ ಮೇಲೆ ಬೀಳಬಾರದು ಎಂದು ಉಳಿದ ಗೋಡೆಯನ್ನೂ ನಾವೇ ಕೆಡವಿದೆವು, ಗುಡಿಸಿದೆವು. ಇದು ನಮ್ಮ ಪದ್ಧತಿ, ಬಿಡುವುದಿಲ್ಲ. ಸುಳ್ಳು ಗೋಡೆ ಕಟ್ಟಿ ಬೀಳಿಸಿ ಫೋಟೋ ಕೊಡುವುದಿಲ್ಲ. ಕಲ್ಲು ಇದೆ, ತೊಲೆ ಇದೆ, ಒಲೆಯ ಜಾಗ ಇದೆ, ಕೇರಿಯ ಜನ ಇದ್ದಾರೆ. ಬಂದು ಕೇಳಿ.

ಹುಸೇನ್ ಬೀಯ ತಗಡು ಮತ್ತು ಸಿಮೆಂಟು ಬಿಡಬೇಕು. ನಡುಗೋಡೆಯ ಗೂಡು ಮುಚ್ಚುವುದಿಲ್ಲ. ಅದು ಎರಡು ಮನೆಯ ಗೋಡೆ, ಎರಡು ಮನೆಯದೆಂದೇ ಬರೆದುಕೊಳ್ಳಿ.

ರಂಗಪ್ಪನ ಮನೆ, ದೊಡ್ಡತಿಮ್ಮಪ್ಪನ ಹಟ್ಟಿಯ ಮನೆಗಳು, ಅವತ್ತು ಮರದ ಕೆಳಗೆ ಕೂತಿದ್ದ ಎಲ್ಲರ ಮನೆಗಳು, ಇವನ್ನು ಮತ್ತೆ ಬಂದು ನೋಡಬೇಕು. ನೋಡಿ ಅರ್ಧ ಬೆಲೆಯ ಸಾಮಾನು ಕೊಡಬೇಕು. ಒಬ್ಬರಿಗೆ ಕೊಟ್ಟು ಬಾಯಿ ಮುಚ್ಚಿಸುವುದು ಬೇಡ.

ಏಕನಾಥಮ್ಮನ ಮನೆಯೂ ಇದರಲ್ಲಿ ಸೇರಿದೆ.

ಮೇಲಕ್ಕೆ ಕಳಿಸಿದ್ದೇವೆ ಎಂಬುದನ್ನು ಉತ್ತರ ಎಂದು ಒಪ್ಪುವುದಿಲ್ಲ. ಕೊಡುತ್ತೀರೋ ಇಲ್ಲವೋ, ಯಾಕೆ ಇಲ್ಲ, ಬರೆದು, ಸಹಿ ಹಾಕಿ ಕಳಿಸಿ.

ಡಿಸೆಂಬರ್ 5, ಶುಕ್ರವಾರದೊಳಗೆ ಉತ್ತರ ಬೇಕು.